ಮಜ್ಜಿಗೆಯಾದ ಗ್ರೀಸು

ಅಣ್ಣಾ,

ಎದ್ದ ಕೂಡಲೇ ಲೋಡರಿನ ಕೆಳಗಿನ ಜಾಕ್ ಇಳಿಸಬೇಡ. ಹಿಂದಿನ ಬಲಗಾಲಿ ಇನ್ನೂ ಬಿಚ್ಚಿಯೇ ಇದೆ.

ನಿನ್ನೆ ಗುರಣ್ಣ ಮೇಸ್ತ್ರಿ ಬೇರಿಂಗ್ ಹೊರಗೆ ತೆಗೆದಾಗ, "ನಮ್ಮ ತಂಗಿ ಕೈ ಹಚ್ಚಿದಳು, ಅದಕ್ಕೇ ಕೆಟ್ಟದ" ಎಂದು ಎಲ್ಲರೆದುರು ನಕ್ಕೆಯಲ್ಲ, ಅದಕ್ಕೆ ಉತ್ತರ ಬರೆದಿದ್ದೇನೆ. ಈಗ ಓದು. ಆ ಗಾಲಿ ಗುರುಗುಟ್ಟುತ್ತಿದೆ ಎಂದು ಮೊದಲು ಹೇಳಿದವಳು ನಾನೇ. ಜಾಕ್ ಹಚ್ಚಿ ಹಿಡಿದರೆ ಬೀಳುವ ಹಲ್ಲಿನ ಹಾಗೆ ಅಲ್ಲಾಡುತ್ತದೆ ಎಂದೂ ಹೇಳಿದೆ. ನೀನು ರೇಡಿಯೊ ಜೋರು ಮಾಡಿದೆ.

ಕೆಡಿಸಿದ್ದು ನಿನ್ನ ಭಕ್ತಿ. ಪ್ರತಿ ಅಮಾವಾಸ್ಯೆ ಪೂಜೆಗೆ ಮೊದಲು ಲೋಡರನ್ನು ಎಮ್ಮೆಯ ಹಾಗೆ ಹೊಳೆಗೆ ಇಳಿಸಿ ಮೈತೊಳೆಯುತ್ತೀಯ. ಸವೆದ ಸೀಲಿನೊಳಗಿಂದ ನೀರು ಹೊಕ್ಕು ಗ್ರೀಸು ಮಜ್ಜಿಗೆಯಾಗಿದೆ, ಬೇರಿಂಗಿಗೆ ತುಕ್ಕು ಹತ್ತಿದೆ. ಒದ್ದೆ ಅರಿವೆಯಿಂದ ಒರೆಸಿದರೆ ದೇವರೇನೂ ಸಿಟ್ಟಾಗುವುದಿಲ್ಲ.

ಅದರ ಮೇಲೆ, "ಒರಸಿ ಅದನ್ನೇ ಕೂಡಸು ಗುರಣ್ಣಾ, ನಾಳೆ ಸೊನ್ನದ ಬ್ಯಾರೇಜಿನಾಗ ಕೆಲಸ ಅದ" ಅಂದೆ. ಅಲ್ಲಿನ ಇಳಿಜಾರಿನಲ್ಲಿ ಗಾಲಿ ಕಳಚಿದರೆ ಒಳಗೆ ಕೂತಿರುವವನು ನೀನಲ್ಲ, ಡ್ರೈವರ್ ಭೀಮಶಾ. ಮೊನ್ನೆಯೇ ಅವನ ಮಗಳ ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ಹೋಳಿಗೆ ಉಂಡು ಬಂದವನು ನೀನು.

ರೊಟ್ಟಿ, ಪುಂಡಿಪಲ್ಯ ಮುಚ್ಚಿಟ್ಟಿದ್ದೇನೆ. ಹೆಂಡತಿ ಕೈಗೆ ಸಿಕ್ಕಳೆಂದು ವೈನಿಯ ಮೇಲೆ ರೇಗಬೇಡ, ಆಕೆಗೆ ಏನೂ ಗೊತ್ತಿಲ್ಲ.

ನಾನು ಮೊದಲ ಬಸ್ಸಿಗೆ ಗುಲ್ಬರ್ಗಾಕ್ಕೆ ಹೊರಟೆ. ಹೊಸ ಬೇರಿಂಗು, ಸೀಲು ಎರಡೂ ತರುತ್ತೇನೆ. ಗುರಣ್ಣನಿಗೆ ಸಂಜೆ ಬರಹೇಳು.

ಹಳೆಯ ಬೇರಿಂಗ್ ಹುಡುಕಬೇಡ. ಅಳತೆಗೆ ಬೇಕೆಂದು ನನ್ನ ಚೀಲದಲ್ಲಿ ಹಾಕಿಕೊಂಡಿದ್ದೇನೆ. ಅಳತೆಗೆ ಬೇಡವಾಗಿದ್ದರೂ ಹಾಕಿಕೊಳ್ಳುತ್ತಿದ್ದೆ.

ಶಿವಕಾಂತಾ