ಅತ್ತೆ ನಿಂತ ಜಾಗ

ಜೂನ್ ೧೪, ಭಾನುವಾರ

ಸಂಪಿಗೆ ಸಸಿ ತಂದು ವಾರವಾದರೂ ಎಲ್ಲಿ ನೆಡುವುದೆಂದು ತೋಚದೆ ತಲೆ ಕೆಟ್ಟುಹೋಗಿತ್ತು. ಕಾಲು ಮುರಿದ ಮೇಲೆ ಅತ್ತೆ ಕೋಣೆ ಬಿಟ್ಟು ಬಂದೇ ಇಲ್ಲ. ಮೂಳೆ ಕೂಡಿದೆ, ಧೈರ್ಯ ಬಂದಿಲ್ಲ. ಅವರ ಕಿಟಕಿಗೆ ಕಾಣುವುದು ಪಕ್ಕದ ಮನೆಯ ಬೋಳು ಗೋಡೆ. ಅದಕ್ಕೆ ಮರ ಅಡ್ಡ ಬರಲೆಂದು ನನ್ನಾಸೆ.

ಇವತ್ತು ಯಜಮಾನರ ಕೈಗೆ ಬಿಚ್ಚಿದ ಕೊಡೆ ಕೊಟ್ಟು, ಮರದ ಹಾಗೆ ಅಂಗಳದಲ್ಲಿ ನಿಲ್ಲಿಸಿದೆ. ಅತ್ತೆ ಕಿಟಕಿಯಿಂದಲೇ, "ಬಲಕ್ಕೆ ಹೋಗೋ! ಅಯ್ಯೋ, ಅಷ್ಟಲ್ಲ!" ಎಂದು ಕೂಗುತ್ತಿದ್ದರು.

"ಅಮ್ಮಾ, ಮರ ಇಷ್ಟೊಂದು ಓಡಾಡಲ್ಲ," ಎಂದು ಇವರು ಗೊಣಗಿದರು. ನಕ್ಕು ನಕ್ಕು ನನಗೆ ಹೊಟ್ಟೆ ಹುಣ್ಣಾಯಿತು.

ತಿರುಗಿ ನೋಡಿದರೆ ಕಿಟಕಿ ಖಾಲಿ! ಅತ್ತೆ ಗೋಡೆ ಹಿಡಿದು ಮೆಟ್ಟಿಲಿಳಿದು ಬಂದವರೇ, ಮಗನ ಕೊಡೆ ಕಿತ್ತುಕೊಂಡು ಗೇಟಿನ ಪಕ್ಕ ನಿಂತೇಬಿಟ್ಟರು. "ಇಲ್ಲಿ ಕಣೇ! ಹೋಗೋರು ಬರೋರೆಲ್ಲ ಕಾಣ್ತಾರೆ."

"ಅಲ್ಲಿ ನೆಟ್ರೆ ನಿಮ್ಮ ಕಿಟಕಿಗೆ ಕಾಣಲ್ಲ, ಅತ್ತೆ."

"ಕಿಟಕಿ ಯಾರಿಗೆ ಬೇಕು? ಇಲ್ಲೊಂದು ಕುರ್ಚಿ ಹಾಕು."

ಸಸಿ ನೆಟ್ಟು ಮುಗಿಯುವವರೆಗೂ ಕೊಡೆ ಹಿಡಿದು ಕೂತೇ ಇದ್ದರು. ಕುರ್ಚಿಯನ್ನು ಒಳಗೆ ತರಬಾರದಂತೆ. ಸಂಪಿಗೆ ನೆರಳು ಕೊಡುವ ತನಕ ಕೊಡೆಯೂ ಅವರಿಗೇ ಅಂತೆ! ಮನೆಯಲ್ಲಿರುವುದು ಅದೊಂದೇ. ನಾಳೆ ಮಳೆ ಬಂದರೆ ಇವರು ಆಫೀಸಿಗೆ...