ಬೆಣೆಗಳು ನನ್ನ ಹತ್ತಿರ ಇವೆ

ತಾರೀಖು ಹನ್ನೊಂದು, ಭಾನುವಾರ
ಮಧ್ಯಾಹ್ನ, ಊಟ ಆದ ಮೇಲೆ

ಮಗಳಿಗೆ,

ಹೇಗಿದ್ದೀಯ? ನಾವು ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿನೋವು ಇದ್ದಲ್ಲೇ ಇದೆ, ಅವಳ ಬಾಯಿಯೂ ಇದ್ದ ಹಾಗೇ ಇದೆ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಕೆಲಸ ಜಾಸ್ತಿ ಇತ್ತು, ಅದಕ್ಕೆ ಉತ್ತರ ತಡವಾಯಿತು ಎಂದು ಬರೆಯಬಹುದಿತ್ತು. ಸುಳ್ಳು ಯಾಕೆ ಬರೆಯಲಿ? ಕೋಪ ಇತ್ತು. ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ, ಪೆನ್ನು ಹಿಡಿಯುವಷ್ಟು ಇಳಿದಿದೆ.

ಫೋನ್ ಮಾಡಬಹುದಲ್ಲ ಎನ್ನುತ್ತಾಳೆ ಅಮ್ಮ. ಫೋನಿನಲ್ಲಿ ನಾನು ಬೈಯುತ್ತೇನೆ, ನೀನು ಕಟ್ ಮಾಡುತ್ತೀಯ. ಕಾಗದವಾದರೆ ಹರಿದು ಹಾಕಬೇಕು. ಹರಿಯುವ ಮೊದಲು ಕಣ್ಣಾದರೂ ಆಡಿಸುತ್ತೀಯ.

ನೀನು ಬರೆದದ್ದು ಏನು? "ಅಪ್ಪ, ಸಭೆಯಲ್ಲಿ ನೀನು ಮಾಡಿದ್ದನ್ನು ಕೇಳಿ ಅಳು ಬಂತು. ನೀನು ಬದಲಾದೆ ಅಂತ ಇಬ್ಬರಿಗೂ ಖುಷಿ ಆಯಿತು." ಇಬ್ಬರಿಗೂ ಅಂದರೆ ನಿನಗೆ ಮತ್ತು ಆ ಕನ್ನಡಕದವನಿಗೆ. ಇಲ್ಲೇ ಸ್ಪಷ್ಟವಾಗಿ ಬರೆದುಬಿಡುತ್ತೇನೆ. ನಾನು ಬದಲಾಗಿಲ್ಲ. ಈ ವಯಸ್ಸಿನಲ್ಲಿ ಬದಲಾಗುವುದಕ್ಕೆ ನಾನೇನು ಹಸಿ ಮರವೇ? ನೀನು ಮದುವೆಯಾಗದೆ ಅವನ ಜೊತೆ ಒಂದೇ ಮನೆಯಲ್ಲಿ ಇರುವುದು ತಪ್ಪು ಎಂದು ಅವತ್ತೂ ಹೇಳಿದೆ, ಇವತ್ತೂ ಹೇಳುತ್ತೇನೆ. ಹಾಗೆ ಇರುವವರಿಗೂ ಗಂಡಹೆಂಡಿರ ಹಕ್ಕೆಲ್ಲ ಕೊಡುತ್ತೇವೆ ಎಂದು ಸರ್ಕಾರ ತರುತ್ತಿರುವ ಕಾನೂನೂ ತಪ್ಪೇ. ಟಿಕೆಟ್ ಇಲ್ಲದವನಿಗೂ ಸೀಟು ಕೊಟ್ಟರೆ ಟಿಕೆಟ್ ಕೊಂಡು ಹತ್ತಿದವನು ದಡ್ಡನಾ?

"ಪ್ರೀತಿ ಇದೆಯಲ್ಲ ಅಪ್ಪ, ಅದಕ್ಕೆ ಸಹಿ ಯಾಕೆ, ಸಾಕ್ಷಿ ಯಾಕೆ?" ಎಂದು ನೀನು ಕೇಳಿದ್ದೆ. ಅವತ್ತು ಸಿಟ್ಟಿನಲ್ಲಿ ಸ್ಟೂಲು ಒದ್ದೆ. ಈಗ ಹೇಳುತ್ತೇನೆ ಕೇಳು. ಪ್ರೀತಿ ಇರುವ ದಿನ ಸಾಕ್ಷಿ ಬೇಕಾಗಿಲ್ಲ. ಇಲ್ಲದ ದಿನಕ್ಕೆ ಬೇಕು. ನೀನು ಹುಟ್ಟುವ ಮೊದಲು ನಿನ್ನ ಅಮ್ಮ ಒಂದು ಸಲ ಪೆಟ್ಟಿಗೆ ಕಟ್ಟಿ ಹೊರಟಳು. ತಪ್ಪು ಯಾರದು ಎನ್ನುವುದು ಬೇಡ, ಅವಳು ಪಕ್ಕದಲ್ಲೇ ಕೂತಿದ್ದಾಳೆ. ನಮ್ಮ ಮದುವೆಗೆ ಸಾಕ್ಷಿ ಹಾಕಿದವನು ಸೋಡಾ ಅಂಗಡಿಯ ನಿನ್ನ ಸೋದರಮಾವ. ಅವನು ಬಂದು ಬಾಗಿಲಿಗೆ ಅಡ್ಡ ಕೂತ. "ನಾನು ಸಹಿ ಹಾಕಿದೀನಿ. ನನ್ನ ಸಹಿ ಮೇಲೆ ಕಾಲಿಟ್ಟು ಯಾವಳು ಹೋಗ್ತಾಳೋ ನೋಡ್ತೀನಿ" ಅಂದ. ಅಂಗಡಿ ಮುಚ್ಚಿ ಸಂಜೆಯವರೆಗೂ ಕೂತಿದ್ದ. ಅಷ್ಟು ಹೊತ್ತಿಗೆ ಇವಳಿಗೆ ಹಸಿವಾಯಿತು, ನನಗೂ ಆಯಿತು, ಅವನಿಗಂತೂ ಮೊದಲೇ ಆಗಿತ್ತು. ಅಡುಗೆ ಮಾಡಿದಳು. ಮೂವರೂ ಉಂಡೆವು. ಸಾಕ್ಷಿ ಅಂದರೆ ಇದು. ನಿಮ್ಮಿಬ್ಬರ ಬಾಗಿಲಿಗೆ ಯಾರು ಅಡ್ಡ ಕೂರುತ್ತಾರೆ ಹೇಳು.

ಇದನ್ನು ಓದಿ ಹೇಳಿದ್ದಕ್ಕೆ ಅಮ್ಮ ಅಂದಳು: "ನಮ್ಮಣ್ಣ ಆವತ್ತು ಅಂಗಡಿ ಮುಚ್ಚದೆ ಇದ್ದಿದ್ರೆ ನಾನು ಇಷ್ಟೊತ್ತಿಗೆ ಎಲ್ಲೋ ಸುಖವಾಗಿರ್ತಿದ್ದೆ. ಅದನ್ನೂ ಬರೀರಿ." ಬರೆದಿದ್ದೇನೆ.

ಇನ್ನು ಸಭೆಯ ವಿಷಯ. ನಿನಗೆ ಯಾರು ಹೇಳಿದರೋ, ಹೇಗೆ ಹೇಳಿದರೋ. ನಡೆದದ್ದು ಹೀಗೆ.

ಆ ಕಾನೂನಿನ ವಿರುದ್ಧ ಶಾಲೆ ಮೈದಾನದಲ್ಲಿ ಸಭೆ ಮಾಡೋಣ ಎಂದು ಔಷಧಿ ಅಂಗಡಿಯವರು ಮನೆ ಮನೆಗೆ ಬಂದರು. ಬಾಡಿಗೆಗೆ ಹೇಳಿದ್ದ ವೇದಿಕೆ ಕೈಕೊಟ್ಟಿತ್ತು. "ಮೇಸ್ತ್ರಿ, ನೀವೇ ಒಂದು ವೇದಿಕೆ ಎಬ್ಬಿಸಿಕೊಡಬೇಕು, ನಿಮ್ಮ ಮನಸ್ಸಿನ ಮಾತೇ ಅಲ್ವಾ ಇದು" ಅಂದರು. ಹೌದು, ನನ್ನ ಮನಸ್ಸಿನ ಮಾತೇ. ಒಪ್ಪಿಕೊಂಡೆ.

ವರ್ಕ್‌ಶಾಪಿನಲ್ಲಿ ಪ್ಯಾಕಿಂಗ್ ಪೆಟ್ಟಿಗೆ ಒಡೆದ ಹಲಗೆಗಳು ಗೋಡೆಗೆ ಒರಗಿದ್ದವು. ವೇದಿಕೆಗೆ ಅವೇ ಧಾರಾಳವಾಗಿ ಸಾಕಿತ್ತು. ಆದರೆ ನಾನು ಏಣಿ ಹಾಕಿ ಅಟ್ಟದಿಂದ ತೇಗದ ಹಲಗೆ ಇಳಿಸಿದೆ. ಯಾವ ತೇಗ ಎಂದು ನಿನಗೆ ಗೊತ್ತು. ನಿನಗೆ ಹಾಲುಹಲ್ಲು ಬೀಳುತ್ತಿದ್ದ ಕಾಲದಲ್ಲಿ ತಂದದ್ದು. ಅದರ ಮೇಲೆ ಯಾರಾದರೂ ಲೋಟ ಇಟ್ಟರೂ ನಾನು ಕಿರುಚುತ್ತಿದ್ದೆ. ನಮ್ಮ ವರ್ಕ್‌ಶಾಪಿನ ಪಾಲಿಶ್‌ನವನು ಬಾಗಿಲಲ್ಲಿ ನಿಂತು ನೋಡಿದ. "ಲೋ, ಅದು ಮಗಳ ಮಂಚದ್ದಲ್ವೇನೋ?" ಅಂದ. "ಯಾವ ಮಗಳು, ಯಾವ ಮಂಚ, ಹಿಡ್ಕೋ ಆ ಕಡೆ" ಅಂದೆ. ಹಿಡಿದುಕೊಂಡ.

ಯಾಕೆ ಆ ಮರ ಇಳಿಸಿದೆ ಎಂದು ಕೇಳಬೇಡ. ಅಮ್ಮ ಕೇಳಿದಾಗಲೂ ಹೇಳಲಿಲ್ಲ. ಗರಗಸ ಮಾತ್ರ ಹಾಕಲಿಲ್ಲ. ಉದ್ದ ಇದ್ದದ್ದು ಹಾಗೇ ಇಟ್ಟು ಮೇಲಿಂದ ಮೊಳೆ ಹೊಡೆದೆ.

ಸಭೆಗೆ ಜನ ಚೆನ್ನಾಗಿ ಸೇರಿದ್ದರು. ಔಷಧಿ ಅಂಗಡಿಯವರು ಅಚ್ಚುಕಟ್ಟಾಗಿ ಮಾತಾಡಿದರು. ಮಕ್ಕಳಿಗೆ ಅಪ್ಪ ಯಾರು, ಅಮ್ಮ ಯಾರು, ನಾಳೆ ಇಬ್ಬರೂ ಬೇರೆಯಾದರೆ ಅವರನ್ನು ಎಲ್ಲಿ ಬಿಡುತ್ತೀರಿ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆ. ನಾನೇ ಮೊದಲು ಚಪ್ಪಾಳೆ ತಟ್ಟಿದೆ. ಆಮೇಲೆ ಒಬ್ಬ ವಕೀಲ ಎದ್ದ. ಹೊರಗಿನಿಂದ ಕರೆಸಿದ್ದರಂತೆ. ಇಸ್ತ್ರಿ ಮಾಡಿದ ಬಟ್ಟೆ, ಗಂಟಲು ಚೆನ್ನಾಗಿತ್ತು. ಕಾನೂನಿನ ಮಾತು ಒಂದಿಷ್ಟು ಆಡಿದ. ಜನ ಆಕಳಿಸತೊಡಗಿದರು. ಅದು ಅವನಿಗೂ ಕಂಡಿತು. ಆಗ ದಾರಿ ಬದಲಿಸಿ ಹೇಳಿದ:

"ಇಂಥ ಹುಡುಗೀರು ಅಂದ್ರೆ ಏನು ಗೊತ್ತಾ? ಬಾಡಿಗೆ ಸೈಕಲ್! ಇವತ್ತು ಇವನು, ನಾಳೆ ಇನ್ನೊಬ್ಬ. ಗಾಳಿ ಹೋದ್ರೆ ಗೋಡೆಗೆ ಒರಗಿಸೋದು!"

ನಕ್ಕರು ಮಗಳೇ. ನಮ್ಮ ಬೀದಿಯವರೇ ನಕ್ಕರು. ನೀನು ಯಾರ ಮನೆಯಲ್ಲಿ ಆಡಿ ಬೆಳೆದೆಯೋ ಅವರೇ. ಸ್ವಲ್ಪ ಹೊತ್ತಿಗೆ ಮುಂದಿನ ಸಾಲಿನವರಿಗೆ ನಾನು ಅಲ್ಲೇ ಕೂತಿದ್ದೇನೆ ಎನ್ನುವುದು ನೆನಪಾಯಿತು. ಒಬ್ಬೊಬ್ಬರಾಗಿ ನಗು ನುಂಗಿದರು. ಹಿಂದಿನ ಸಾಲಿನವರು ಇನ್ನೂ ನಗುತ್ತಲೇ ಇದ್ದರು. ನಾನು ವಕೀಲನ ಮುಖ ನೋಡಲಿಲ್ಲ. ಅವನ ಬೂಟು ನೋಡುತ್ತಿದ್ದೆ. ನಿನ್ನ ತಲೆದಿಂಬು ಬರಬೇಕಾಗಿದ್ದ ಹಲಗೆ ಅದು, ಅದರ ಮೇಲೆ ಹಿಮ್ಮಡಿ ತಿರುಗಿಸುತ್ತಾ ನಿಂತಿದ್ದ. ನಿನ್ನ ಮಂಚದ ಮೇಲೆ ನಿಂತು ನಿನ್ನನ್ನೇ ಬೈಯುತ್ತಿದ್ದ.

ಎದ್ದೆ. ಚೀಲದಲ್ಲಿ ಮೊಳೆ ಕೀಳುವ ಸುತ್ತಿಗೆ ಇತ್ತು. ಮೆಟ್ಟಿಲಿನಿಂದ ಶುರು ಮಾಡಿದೆ.

ಮೊದಲ ಮೊಳೆ ಕಿರುಗುಟ್ಟಿ ಬಂತು. ವಕೀಲ ಕೆಳಗೆ ನೋಡಿದ. "ಏನ್ರೀ, ಏನ್ ಮಾಡ್ತಿದೀರಿ?"

"ಮರ ನಂದು. ಇಳೀರಿ."

ಔಷಧಿ ಅಂಗಡಿಯವರು ಓಡಿ ಬಂದರು. "ಮೇಸ್ತ್ರಿ, ಮೇಸ್ತ್ರಿ, ಭಾಷಣ ಮುಗೀಲಿ ತಡೀರಿ. ನೀವು ನಮ್ಮ ಕಡೆಯವರಲ್ವಾ?"

"ನಿಮ್ಮ ಕಡೆಯವನೇ. ಅದಕ್ಕೇ ನಿಧಾನಕ್ಕೆ ಕೀಳ್ತಿದೀನಿ, ಬೀಳದಂಗೆ."

ವಕೀಲ ಮೈಕು ಹಿಡಿದುಕೊಂಡೇ ಹಲಗೆಯಿಂದ ಹಲಗೆಗೆ ಹಿಂದೆ ಸರಿದ. ನಾನು ಒಂದು ಕಿತ್ತರೆ ಅವನು ಒಂದು ಹೆಜ್ಜೆ ಹಿಂದೆ. ಅಷ್ಟರಲ್ಲಿ ಪಾಲಿಶ್‌ನವನು ಇಕ್ಕಳ ಹಿಡಿದು ಬಂದು ಇನ್ನೊಂದು ತುದಿಯಿಂದ ಶುರು ಮಾಡಿದ. ಕೊನೆಗೆ ವಕೀಲ ನೆಲಕ್ಕೆ ಇಳಿಯಲೇಬೇಕಾಯಿತು. ನೆಲದ ಮೇಲೂ ಮಾತಾಡಿದ. ಆದರೆ ಆಳು ಗಿಡ್ಡ, ಹಿಂದಿನವರಿಗೆ ಬರೀ ಮೈಕಿನ ತಲೆ ಕಾಣುತ್ತಿತ್ತು. ಈಗ ಜನ ಅದಕ್ಕೆ ನಕ್ಕರು. ಜನ ಅಂದರೆ ಹಾಗೇ, ನಗುವುದಕ್ಕೆ ಏನಾದರೂ ಸಿಕ್ಕರೆ ಆಯಿತು.

ಹಲಗೆಗಳನ್ನು ಕೈಗಾಡಿಗೆ ಏರಿಸಿ ಮನೆಗೆ ತಂದೆವು. ದಾರಿಯಲ್ಲಿ ಪಾಲಿಶ್‌ನವನು ಒಂದೇ ಮಾತು ಆಡಿದ: "ಮೊಳೆ ತೂತು ಬಿತ್ತಲ್ಲೋ." ಬಿತ್ತು. ಅದಕ್ಕೇ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಇಷ್ಟೇ ನಡೆದದ್ದು. ಮಾರನೆಯ ದಿನ ಆ ಕಾನೂನು ಬೇಕು ಎನ್ನುವ ಹುಡುಗರ ಗುಂಪೊಂದು ವರ್ಕ್‌ಶಾಪಿಗೆ ಬಂತು. "ತಾತ, ನೀವು ನಮ್ಮ ಹೀರೋ. ಒಂದು ಫೋಟೋ, ಇಲ್ಲೊಂದು ಸಹಿ" ಅಂದರು. "ನಾನು ನಿಮ್ಮ ಕಡೆ ಅಂತ ಯಾವನು ಹೇಳ್ದ ನಿಮಗೆ? ಮದುವೆ ಆಗಿದೆಯಾ ನಿಮ್ಮಲ್ಲಿ ಯಾರಿಗಾದ್ರೂ? ಇಲ್ಲ ತಾನೆ? ಹೋಗಿ, ಮೊದಲು ಆಗಿ, ಆಮೇಲೆ ಸಹಿ ಕೇಳಿ" ಎಂದು ಓಡಿಸಿದೆ. ಈಗ ಆ ಕಡೆಯವರೂ ಮಾತಾಡಿಸುವುದಿಲ್ಲ, ಈ ಕಡೆಯವರೂ ಇಲ್ಲ. ಔಷಧಿ ಅಂಗಡಿಯಲ್ಲಿ ಅಮ್ಮನ ಮಂಡಿ ಎಣ್ಣೆ ಮಾತ್ರ ಕೊಡುತ್ತಾರೆ, ಮುಖ ಕೊಡುವುದಿಲ್ಲ. ಪರವಾಗಿಲ್ಲ. ಕೆಲಸದ ಹೊತ್ತಿನಲ್ಲಿ ಹರಟೆ ಕಡಿಮೆಯಾಗಿದೆ.

ಆದ್ದರಿಂದ ನಾನು ಬದಲಾದೆ ಎಂದು ಯಾರ ಹತ್ತಿರವೂ ಹೇಳಬೇಡ. ನೀನು ಮಾಡಿದ್ದು ತಪ್ಪು. ಅದನ್ನು ತಪ್ಪು ಎಂದು ಹೇಳುವುದಕ್ಕೆ ನಾನಿದ್ದೇನೆ, ಅಮ್ಮ ಇದ್ದಾಳೆ. ಬೀದಿಯಲ್ಲಿ ಹೋಗುವ ವಕೀಲನಿಗೆ ಆ ಹಕ್ಕು ಯಾರು ಕೊಟ್ಟರು?

ಇನ್ನೊಂದು ಸಮಾಚಾರ. ಮಂಚ ಮಾಡಿದ್ದೇನೆ. ಮೊಳೆ ತೂತುಗಳಿಗೆ ಅದೇ ಮರದ ಚೂರು ಕೂರಿಸಿ ಉಜ್ಜಿದ್ದೇನೆ. ಪಾಲಿಶ್‌ನವನು ಅದರ ಮೇಲೆ ಕೈ ಕೆಲಸ ತೋರಿಸಿದ್ದಾನೆ. ಕೂಲಿ ಎಷ್ಟೋ ಎಂದು ಕೇಳಿದ್ದಕ್ಕೆ ನನ್ನನ್ನು ಕೆಟ್ಟ ಮಾತಿನಲ್ಲಿ ಬೈದ. ತಲೆದಿಂಬಿನ ಕಡೆ ಬೆರಳಾಡಿಸಿದರೆ ತೂತು ಇದ್ದ ಜಾಗ ಗೊತ್ತಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬರುವ ವಾರ ಲಾರಿಯಲ್ಲಿ ಹಾಕಿ ಕಳಿಸುತ್ತೇನೆ. ಕಾಲು ಬೇರೆ, ಪಟ್ಟಿ ಬೇರೆ, ಹಲಗೆ ಬೇರೆ ಬರುತ್ತವೆ. ಒಂದರ ತುದಿಯನ್ನು ಇನ್ನೊಂದರ ತೂತಿಗೆ ಸೇರಿಸಿದರೆ ನಿಲ್ಲುತ್ತದೆ. ಅಷ್ಟು ಬುದ್ಧಿ ಕನ್ನಡಕಕ್ಕೂ ಇರಬಹುದು.

ಆದರೆ ಬೆಣೆಗಳು ಬರುವುದಿಲ್ಲ. ಅವು ನನ್ನ ಹತ್ತಿರ ಇವೆ.

ನಮ್ಮ ಮನೆಯ ಪದ್ಧತಿ ನಿನಗೆ ಗೊತ್ತು. ಮಂಚಕ್ಕೆ ಮೊಳೆ ಇಲ್ಲ. ಮೂಲೆ ಮೂಲೆಗೆ ಬೆಣೆ, ಆ ಬೆಣೆಯನ್ನು ಮದುವೆಯಾದ ಮೇಲೆ ಹುಡುಗಿಯ ಅಪ್ಪ ಅವರ ಕೋಣೆಗೇ ಹೋಗಿ ಹೊಡೆಯಬೇಕು. ನಿನ್ನ ಅತ್ತೆಯ ಮಂಚಕ್ಕೆ ನಿನ್ನ ಅಜ್ಜ ಹೊಡೆದರು. ಅಮ್ಮನ ಅಪ್ಪ ಬಡಗಿ ಅಲ್ಲದಿದ್ದರೂ ನಮ್ಮ ಮಂಚಕ್ಕೆ ಹೊಡೆದರು. ಬೆಣೆಗಿಂತ ಹೆಬ್ಬೆರಳಿಗೇ ಹೆಚ್ಚು ಪೆಟ್ಟು ಬಿತ್ತು, ಆದರೂ ಇನ್ನೊಬ್ಬರ ಕೈಗೆ ಸುತ್ತಿಗೆ ಕೊಡಲಿಲ್ಲ. ಬೆಣೆ ಇಲ್ಲದೆ ಮಂಚ ನಿಲ್ಲುತ್ತದೆ, ಆದರೆ ಕುಡಿದವನ ಹಾಗೆ ತೂಗಾಡುತ್ತದೆ. ಹೊರಳಿದರೆ ಬೀಳುತ್ತೀರಿ. ಹೋಗಿ ರಿಜಿಸ್ಟರಿನಲ್ಲಿ ಸಹಿ ಹಾಕಿ. ಊಟ ಬೇಡ, ಊರು ಕರೆಯುವುದು ಬೇಡ, ಫೋಟೋ ಬೇಡ. ಎರಡು ಸಾಕ್ಷಿ ಸಾಕು. ಒಂದು ಸೋದರಮಾವ, ಕಾಲು ಎಳೆದುಕೊಂಡಾದರೂ ಬರುತ್ತೇನೆ ಎನ್ನುತ್ತಾನೆ. ಇನ್ನೊಂದು ಪಾಲಿಶ್‌ನವನು. ಅವರಿಬ್ಬರೂ ಬಾಗಿಲಿಗೆ ಅಡ್ಡ ಕೂತರೆ ಆನೆಯೂ ದಾಟಲಾರದು. ನಾನು ಅದೇ ದಿನ ಸುತ್ತಿಗೆ ತೆಗೆದುಕೊಂಡು ಬರುತ್ತೇನೆ.

ಸಹಿ ಹಾಕುವುದಿಲ್ಲ ಎಂದರೆ ಹಾಕಬೇಡ. ಮಂಚ ನಿನ್ನದೇ, ವಾಪಸ್ ಕೇಳುವುದಿಲ್ಲ. ಬೆಣೆಗಳು ನನ್ನ ಅಂಗಿಯ ಜೇಬಿನಲ್ಲೇ ಇರುತ್ತವೆ. ಬಟ್ಟೆ ಒಗೆಯುವಾಗ ಅಮ್ಮ ತೆಗೆದು ಇಟ್ಟು, ಒಣಗಿದ ಮೇಲೆ ಮತ್ತೆ ಹಾಕುತ್ತಾಳೆ.

ಹೊತ್ತು ಹೊತ್ತಿಗೆ ಉಣ್ಣು. ಕನ್ನಡಕಕ್ಕೂ ಉಣ್ಣಲು ಹೇಳು, ಬಹಳ ಬಡಕಲು ಎಂದು ಅಮ್ಮ ಹೇಳಿದಳು. ನಿಮ್ಮ ಮನೆಯಲ್ಲಿ ಎತ್ತಿದ ದನಿ ಬೀದಿಗೆ ಕೇಳಿಸದಿರಲಿ, ಹಚ್ಚಿದ ಒಲೆ ಆರದಿರಲಿ, ನಿನ್ನ ಕೈಕಾಲು ಗಟ್ಟಿಯಾಗಿರಲಿ.

ಇಂತಿ,
ನಿನ್ನ ಅಪ್ಪ

ಮರೆತಿದ್ದೆ: ಆ ಮರ ಯಾಕೆ ಇಳಿಸಿದೆ ಎಂದು ಕೇಳಬೇಡ ಅಂದೆನಲ್ಲ, ಬರೆದೇ ಬಿಡುತ್ತೇನೆ. ಅಮ್ಮ ಈಗ ಅಡುಗೆಮನೆಯಲ್ಲಿದ್ದಾಳೆ. ನಿಮ್ಮ ಮನೆ ನೋಡಿ ಬಂದ ದಿನ ಅವಳು, ಮನೆ ಚೊಕ್ಕಟವಾಗಿದೆ, ಗಾಳಿ ಬೆಳಕು ಇದೆ ಎಂದೆಲ್ಲ ಹೇಳುತ್ತಾ ಬಾಯಿ ತಪ್ಪಿ ಇನ್ನೊಂದು ಮಾತೂ ಹೇಳಿದಳು. ಅದರ ಹಿಂದಿನ ವಾರದಲ್ಲೇ ನೀವು ಅಂಗಡಿಯಿಂದ ಮಂಚ ತಂದಿದ್ದಿರಂತೆ. ಕಬ್ಬಿಣದ್ದಂತೆ, ಸ್ಕ್ರೂ ಹಾಕುವುದಂತೆ, ಕೂತರೆ ಕಿರ್ ಅನ್ನುತ್ತದಂತೆ. ಅವಳು ಹೇಳಿದ ಮಾರನೆಯ ಬೆಳಿಗ್ಗೆಯೇ ನಾನು ಅಟ್ಟಕ್ಕೆ ಏಣಿ ಹಾಕಿದ್ದು. ಮನೆ ಬಿಟ್ಟು ಹೋದದ್ದನ್ನು ಹೇಗೋ ನುಂಗಿಕೊಂಡಿದ್ದೆ. ಮಂಚಕ್ಕೆ ನನ್ನನ್ನು ಕೇಳಲಿಲ್ಲ ನೀನು. ಕೇಳಿದ್ದರೆ ಬೈಯುತ್ತಿದ್ದೆ, ಕೊಡುವುದಿಲ್ಲ ಎನ್ನುತ್ತಿದ್ದೆ. ಆದರೂ ಕೇಳಬೇಕಿತ್ತು.