ನಲವತ್ತೊಂದು ಸಹಿ

ಅಂಕೋಲಾ,
ಸೋಮವಾರ, ೧೭ ನವೆಂಬರ್ ೨೦೨೫

ಗಾಯತ್ರಿ ಅಕ್ಕೋರಿಗೆ, ನಿಮ್ಮ ಶಾಲೆಯ ಲತಾ ಮಾಡುವ ನಮಸ್ಕಾರ.

‘ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುತ್ತಿರಿ’ ಎಂದು ಮುಂದುವರಿಸಬೇಕು. ನಾಲ್ಕನೇ ಇಯತ್ತೆಯಲ್ಲಿ ನೀವೇ ಕಲಿಸಿದ ಪದ್ಧತಿ ಅದು. ಈ ಸಲ ಕೈ ಬರಲಿಲ್ಲ, ಸಿಟ್ಟಾಗಬೇಡಿ. ಸಿಟ್ಟಾದರೂ ಆಗಿ. ಬುಧವಾರದಿಂದ ಹನ್ನೊಂದು ಸಲ ಫೋನು ಮಾಡಿದೆ, ನೀವು ಎತ್ತಲಿಲ್ಲ. ಮೊಬೈಲಿನ ಬಳಗದಿಂದ ನನ್ನ ಹೆಸರನ್ನೇ ತೆಗೆದುಹಾಕಿದಿರಿ. ಹಾಗಾಗಿ ಅಂಚೆಗೆ ಹಾಕುತ್ತಿದ್ದೇನೆ. ಪೋಸ್ಟಿನವನನ್ನು ಬ್ಲಾಕ್ ಮಾಡಲು ಬರುವುದಿಲ್ಲವಲ್ಲ.

ಆ ಬಳಗವನ್ನು ಕಟ್ಟಿದವರು ನೀವೇ. ನನ್ನ ತಂಗಿ ಮಾನಸಾ ಟಿವಿಯಲ್ಲಿ ಮೊದಲ ಸಲ ಕುದುರೆ ರೇಸಿನ ಕಾರ್ಯಕ್ರಮ ನಡೆಸಿಕೊಟ್ಟ ದಿನ ನಮ್ಮ ಓಣಿಯಲ್ಲಿ ಎಲ್ಲರಿಗಿಂತ ಹೆಚ್ಚು ಕುಣಿದವರು ನೀವು. ಕುದುರೆ ಎಂದರೆ ಮದುವೆ ದಿಬ್ಬಣದಲ್ಲಿ ನೋಡಿದ್ದು ಬಿಟ್ಟರೆ ನಮಗೆ ಬೇರೆ ಗೊತ್ತಿರಲಿಲ್ಲ. ಆದರೂ ‘ರವಿವಾರದ ಓಟ’ ಶುರುವಾಗುವ ಹೊತ್ತಿಗೆ ನಾನು ಮೀನಿನ ಬುಟ್ಟಿ ತೊಳೆದಿಟ್ಟು, ಅಪ್ಪನ ಕುರ್ಚಿಯನ್ನು ಟಿವಿಯೆದುರು ಹಾಕಿ ಕೂರುತ್ತಿದ್ದೆ. ನೀವು ಮೊಬೈಲಿನಲ್ಲಿ ‘ಮಾನಸಾ ಅಭಿಮಾನಿ ಬಳಗ’ ಮಾಡಿ ಬಾಳೆಗುಳಿ, ರಾಮನಗುಳಿ, ಅತ್ತ ಕಾರವಾರದ ಕಿನ್ನರ ಊರಿನವರನ್ನೂ ಸೇರಿಸಿದಿರಿ. ಇನ್ನೂರಕ್ಕೂ ಮಿಕ್ಕಿ ಜನ ಆದರು.

ಅವಳನ್ನು ಮೆಚ್ಚುವವರಷ್ಟೇ ಬೈಯುವವರೂ ಇದ್ದರು ಎಂಬುದು ನನಗೂ ಗೊತ್ತು. ಉಳಿದ ನಿರೂಪಕರು ಕೋಟು ಹಾಕಿಕೊಂಡು, ಕುದುರೆಯ ತಂದೆ ಯಾರು ತಾಯಿ ಯಾರು ಎಂದು ವರದಿ ಓದುವ ಹಾಗೆ ಓದುತ್ತಾರೆ. ಇವಳು ಹಾಗಲ್ಲ. ಕಾರವಾರದ ದೋಣಿ ಧಕ್ಕೆಯ ಮೇಲೆ ಮೂವತ್ತು ವರ್ಷ ದರ ಏರಿಸಿ ಏರಿಸಿ ಮೀನಿನ ಲಿಲಾವು ಕೂಗಿದ ಮಾಬ್ಲೇಶ್ವರನ ಮಗಳು. ಓಟದ ಕೊನೆಗೆ ಅಪ್ಪನ ಲಿಲಾವಿನ ಧಾಟಿಯೇ ಅವಳ ಗಂಟಲಿಗೆ ಬರುತ್ತಿತ್ತು. “ಬಂತು, ಬಂತು, ನೊಗ್ಲಿ ಮೀನು ಜಾರ್ದಂಗೆ ಜಾರ್ಕಂಡು ಬಂತು, ಹಿಂದ್ಲದ್ದು ಬಿಡುದಿಲ್ಲ ಹೇಳ್ತದೆ” ಎಂದು ಅವಳು ಕೂಗಿದರೆ ಅಪ್ಪ ಕುರ್ಚಿಯಲ್ಲಿ ಅರ್ಧ ಎದ್ದು ನಿಲ್ಲುತ್ತಿದ್ದ. ಪಕ್ಕದಲ್ಲಿ ಕೂತ ತಜ್ಞರಿಗೆ ಬಾಯಿ ತೆರೆಯಲೂ ಬಿಡುತ್ತಿರಲಿಲ್ಲ, ಅದು ತಪ್ಪು ಎಂದು ನಾನೂ ಅವಳಿಗೆ ಹೇಳಿದ್ದೆ. “ಅವ್ರು ಬಾಯಿ ತೆಗೆಯೂದ್ರೊಳ್ಗೆ ಕುದ್ರೆ ಮನೆಗೆ ಹೋಗಿ ಹುಲ್ಲು ತಿಂತಿರ್ತದೆ ಅಕ್ಕಾ” ಎಂದು ನಕ್ಕಿದ್ದಳು.

ಈ ದಸರಾ ಮುಗಿದ ಮೊದಲ ರವಿವಾರ ಅವಳ ಜಾಗದಲ್ಲಿ ಬೇರೆ ಯಾರೋ ಇದ್ದರು. ಕಾರ್ಯಕ್ರಮ ಮುಗಿಯಲು ಎರಡು ನಿಮಿಷ ಇದ್ದಾಗ ಮಾನಸಾ ಬಂದಳು. ಬೂದು ಬಣ್ಣದ ಕೋಟು, ಕೈಯಲ್ಲಿ ಹಾಳೆ. ಪ್ರಥಮ, ದ್ವಿತೀಯ, ತೃತೀಯ ಎಂದು ಫಲಿತಾಂಶ ಓದಿದಳು, ಧನ್ಯವಾದ ಹೇಳಿದಳು, ಹೋದಳು. ಅಂದಿನಿಂದ ಪ್ರತಿ ವಾರ ಅಷ್ಟೇ. ಅಪ್ಪನಿಗೆ ನಾನು ಏನೂ ಹೇಳಿಲ್ಲ. “ಮಾನೂಗೆ ಗಂಟ್ಲು ಕೆಟ್ಟದೆ ಕಾಣ್ತದೆ, ಜೇಷ್ಠಮಧು ಕಳ್ಸು” ಎಂದು ಆತನೇ ಒಂದು ಕಾರಣ ಹುಡುಕಿಕೊಂಡಿದ್ದಾನೆ.

ಬಳಗದಲ್ಲಿ ಆಗ ಎಂಥ ಜಗಳ ಆಯಿತು. ಬಾಳೆಗುಳಿಯ ಗ್ಯಾರೇಜಿನ ವಿನೋದ, “ಕುದ್ರೆ ನೋಡುಕೆ ಕೂತ್ರೆ ಇವ್ಳ ಬೊಬ್ಬೆ ಕೇಳ್ಬೇಕಾಗಿತ್ತು, ಈಗ ಆರಾಮ ಆಯ್ತು” ಎಂದು ಬರೆದ. ಅಭಿಮಾನಿ ಬಳಗದಲ್ಲಿ ನಿನಗೇನು ಕೆಲಸ ಎಂದು ರಾಮನಗುಳಿಯ ಸುಬ್ಬ ಅವನ ಮೇಲೆ ಬಿದ್ದ. ತಾನೂ ಅಭಿಮಾನಿಯೇ, ಅಭಿಮಾನ ಇದ್ದವರು ಕುರುಡಾಗಬೇಕೆಂದಿಲ್ಲ ಎಂದು ವಿನೋದ ವಾದಿಸಿದ. ಒಬ್ಬರು ಅವಳು ಊರಿನ ಮಾನ ಉಳಿಸಿದಳು ಎಂದರೆ ಇನ್ನೊಬ್ಬರು ಮಾನ ಕಳೆದಳು ಎಂದರು. ಒಂದೇ ದಿನ ಮುನ್ನೂರು ಮೆಸೇಜು. ಮೀನು ಮಾರುತ್ತ ಮಾರುತ್ತಲೇ ನಾನು ಒಬ್ಬೊಬ್ಬರಿಗೂ ಉತ್ತರ ಕೊಟ್ಟೆ. ಗಿರಾಕಿಗೆ ಬಂಗಡೆಯ ಬದಲು ತಾರ್ಲೆ ಕಟ್ಟಿಕೊಟ್ಟು ಬೈಸಿಕೊಂಡೆ. ನೀವು ಮಾತ್ರ ಪ್ರತಿ ಜಗಳದ ಕೆಳಗೆ ‘ಎಲ್ಲರೂ ಸಂಯಮದಿಂದ ಇರೋಣ, ನಮ್ಮ ಹುಡುಗಿಗೆ ಒಳ್ಳೆಯದಾಗಲಿ’ ಎಂದು ಕೈ ಮುಗಿದ ಚಿತ್ರ ಹಾಕುತ್ತಿದ್ದಿರಿ. ಮಗುವನ್ನೂ ಚಿವುಟಿ ತೊಟ್ಟಿಲನ್ನೂ ತೂಗುವುದು ಎಂದರೆ ಏನೆಂದು ನನಗೆ ಈಗ ತಿಳಿಯಿತು.

ಹೋದ ಬುಧವಾರ ಮಾನಸಾ ನನಗೆ ಒಂದು ಫೋಟೊ ಕಳಿಸಿದಳು. ಒಂದಕ್ಷರ ಬರೆದಿರಲಿಲ್ಲ. ಚಾನೆಲ್ಲಿನವರು ಅವಳ ಕೈಗೆ ಕೊಟ್ಟ ದೂರಿನ ಪ್ರತಿ ಅದು. ನಮ್ಮ ಮಹಿಳಾ ಸಂಘದ ಠರಾವು. ಅಕ್ಷರ ನಿಮ್ಮದು. ಬೋರ್ಡಿನ ಮೇಲೆ ನೋಡಿ ನೋಡಿ ತಿದ್ದಿದ ಅಕ್ಷರವನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ‘ಸದರಿ ನಿರೂಪಕಿಯು ಕುದುರೆಗಳನ್ನು ಮೀನುಗಳಿಗೆ ಹೋಲಿಸುತ್ತ, ಅಶುದ್ಧ ಭಾಷೆಯಿಂದ ಕರಾವಳಿಯ ದುಡಿಯುವ ಮಹಿಳೆಯರನ್ನು ನಗೆಪಾಟಲಿಗೆ ಈಡುಮಾಡುತ್ತಿರುವುದರಿಂದ’ ಎಂದು ಶುರುವಾಗಿ, ‘ಅವರ ಜವಾಬ್ದಾರಿಯನ್ನು ಮಿತಗೊಳಿಸಬೇಕಾಗಿ ವಿನಂತಿ’ ಎಂದು ಮುಗಿದಿದೆ. ಕೆಳಗೆ ನಲವತ್ತೊಂದು ಸಹಿ. ಒಂದು ಸಹಿಯ ಸುತ್ತ ಅವಳು ಕೆಂಪು ಗೆರೆ ಎಳೆದಿದ್ದಳು. ಅದು ನನ್ನದು.

ಬೇರೆ ಊರಿನವರು ನೂರು ಜನ ಬೈದರೂ ಚಾನೆಲ್ಲಿನವರು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲವಂತೆ. ಅವಳೇ ಮೊದಲು ಒಮ್ಮೆ ಹೇಳಿದ್ದಳು, ಬೈದರೂ ನೋಡುತ್ತಾರಲ್ಲ, ಅವರಿಗೆ ಅಷ್ಟು ಸಾಕು ಎಂದು. ಸ್ವಂತ ಊರಿನ ಹೆಂಗಸರೇ, ಅವಳ ಸ್ವಂತ ಅಕ್ಕನೇ ಬೇಡ ಎಂದ ಮೇಲೆ ಯಾರು ಏನು ಮಾಡುತ್ತಾರೆ ಹೇಳಿ.

ಸಂಘದ ಸಹಿ ಹೇಗೆ ಆಗುತ್ತದೆ ಎಂದು ಆ ಚಾನೆಲ್ಲಿನವರಿಗೆ ಹೇಗೆ ತಿಳಿಯಬೇಕು? ನಮಗೆ ಸಭೆಗೆ ಕೂರಲು ಪುರಸೊತ್ತಿಲ್ಲ. ಠರಾವು ಬರೆದು ನೀವು ಪುಸ್ತಕವನ್ನು ಸಂಘದ ಯಶೋದಾಳ ಕೈಯಲ್ಲಿ ಪೇಟೆಗೆ ಕಳಿಸುತ್ತೀರಿ. ಮೀನಿನ ಕೈಯಲ್ಲಿ ಪುಸ್ತಕ ಮುಟ್ಟಬಾರದೆಂದು ನೀವೇ ಮಾಡಿದ ಕಾನೂನು. ಅವಳು ಪುಸ್ತಕವನ್ನು ಎದೆಯ ಹತ್ತಿರ ಬಿಡಿಸಿ ಹಿಡಿಯುತ್ತಾಳೆ, ನಾವು ಬಲಗೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಬೆರಳು ಇಟ್ಟಲ್ಲಿ ಸಹಿ ಗೀಚುತ್ತೇವೆ. ಬೀದಿ ದೀಪಕ್ಕೂ ಹಾಗೆಯೇ, ಮೀನು ಪೇಟೆಯ ನಲ್ಲಿಗೂ ಹಾಗೆಯೇ. ಇಷ್ಟು ವರ್ಷದಲ್ಲಿ ಯಾರಾದರೂ ಒಂದು ಸಾಲು ಓದಿದ್ದುಂಟೇ? ಅಕ್ಕೋರು ಬರೆದದ್ದನ್ನು ಓದಿ ನೋಡುವುದೆಂದರೆ ಅಕ್ಕೋರ ಮೇಲೆ ಸಂಶಯಪಟ್ಟ ಹಾಗೆ. ನಮ್ಮ ಆ ನಂಬಿಕೆಯನ್ನೇ ನೀವು ಬಳಸಿಕೊಂಡಿರಿ. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಫೋಟೊವನ್ನು ನಾನು ಬಳಗಕ್ಕೆ ಹಾಕಿದೆ. ‘ಇದು ಯಾರ ಅಕ್ಷರ, ಹೇಳಿ’ ಎಂದು ಮಾತ್ರ ಕೇಳಿದೆ. ಒಲೆಯ ಮೇಲಿನ ಚಹಾ ಕುದಿಯುವಷ್ಟರಲ್ಲಿ ಫೋಟೊವೂ ಇಲ್ಲ, ನಾನೂ ಇಲ್ಲ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದಿರಿ. ನೀವು ಮೂರು ತಿಂಗಳ ಹಿಂದೆ ಮಗಳ ಮನೆಯಲ್ಲಿ ಇರುತ್ತೇನೆಂದು ಕಾರವಾರಕ್ಕೆ ಹೊರಟಾಗ ನಾನು ಬಸ್ ಸ್ಟ್ಯಾಂಡಿನ ತನಕ ಚೀಲ ಹೊತ್ತು ಬಂದಿದ್ದೆ. ಆಗಲೇ ಆ ಠರಾವು ಅಂಚೆಗೆ ಹೋಗಿತ್ತು. ಬಸ್ಸಿನ ಕಿಟಕಿಯಿಂದ ನನ್ನ ತಲೆ ಸವರಿ, “ತಂಗಿಗೆ ನನ್ನ ಆಶೀರ್ವಾದ ಹೇಳು” ಎಂದಿರಿ.

ಏಕೆ ಮಾಡಿದಿರಿ ಎಂದು ಐದು ದಿನದಿಂದ ಯೋಚಿಸಿದೆ. ನನಗೆ ತಿಳಿದಿದೆ ಎಂದುಕೊಂಡಿದ್ದೇನೆ. ಜುಲೈ ತಿಂಗಳಲ್ಲಿ ಮಾನಸಾಳ ಸಂದರ್ಶನ ಬಂತಲ್ಲ, ನೀವು ಓಣಿಯ ಹೆಂಗಸರನ್ನೆಲ್ಲ ನಿಮ್ಮ ಮನೆಗೆ ಕರೆದಿದ್ದಿರಿ. ಅವಲಕ್ಕಿ ಕಲಸಿಟ್ಟಿದ್ದಿರಿ. ಹೊಸ ಸೀರೆ ಉಟ್ಟಿದ್ದಿರಿ. ಇಷ್ಟು ಚೆನ್ನಾಗಿ ಮಾತಾಡಲು ಯಾರು ಕಲಿಸಿದರು ಎಂದು ಟಿವಿಯವರು ಕೇಳಿದಾಗ ನೀವು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಿರಿ. ಅವಳು, “ನಮ್ಮಪ್ಪನ ಲಿಲಾವು ಕೇಳಿ ಕಲಿತೆ. ಶಾಲೆಲಿ ಬಾಯಿ ಮುಚ್ಚು ಹೇಳಿ ಹೊಡೀತಿದ್ರು” ಎಂದುಬಿಟ್ಟಳು. ಎಲ್ಲರೂ ನಕ್ಕರು. ನೀವೂ ನಕ್ಕಿರಿ, ಎದ್ದು ಒಳಗೆ ಹೋಗಿ ಚಹಾ ಇಟ್ಟಿರಿ. ಆ ದಿನದ ಚಹಾಕ್ಕೆ ಸಕ್ಕರೆ ಹಾಕಲು ಮರೆತಿದ್ದಿರಿ, ಯಾರೂ ಹೇಳಲಿಲ್ಲ.

ಅವಳು ಹೇಳಿದ್ದು ತಪ್ಪು ಅಕ್ಕೋರೇ. ಭಾಷಣ ಸ್ಪರ್ಧೆಗೆಂದು ಅವಳನ್ನು ಕಾರವಾರಕ್ಕೆ ನೀವೇ ಖರ್ಚು ಹಾಕಿ ಕರೆದುಕೊಂಡು ಹೋದದ್ದು, ಬಸ್ಸಿನಲ್ಲಿ ಅವಳು ನಿಮ್ಮ ಸೀರೆಗೆ ವಾಂತಿ ಮಾಡಿದ್ದು, ಅದೇ ಸೀರೆಯಲ್ಲಿ ನೀವು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ಹೊಡೆದದ್ದು, ಎಲ್ಲ ನನಗೆ ನೆನಪಿದೆ. ಅವಳಿಗೂ ನೆನಪಿರಬೇಕು. ಟಿವಿಯಲ್ಲಿ ಮಾತಾಡುವವರಿಗೆ ನಗಿಸುವ ಮಾತು ಮೊದಲು ಬಾಯಿಗೆ ಬರುತ್ತದೆ. ನೀವು ಅವಳಿಗೆ ಫೋನು ಮಾಡಿ ಬೈಯಬಹುದಿತ್ತು. ಕಿವಿ ಹಿಂಡುವ ಹಕ್ಕು ನಿಮಗಿತ್ತು, ಅವಳು ಅತ್ತು ತಪ್ಪಾಯಿತು ಎನ್ನುತ್ತಿದ್ದಳು. ಅದನ್ನು ಬಿಟ್ಟು ಒಂದು ವಾರದ ಮೇಲೆ ನಲವತ್ತೊಂದು ಜನರ ಹೆಸರಿನ ಹಿಂದೆ ಅಡಗಿ ಕುಳಿತು ಅವಳ ಅನ್ನಕ್ಕೆ ಕೈ ಹಾಕಿದಿರಿ.

ಪ್ರತಿ ರವಿವಾರ ಕಾರ್ಯಕ್ರಮ ಮುಗಿದ ಮೇಲೆ ಅವಳು ನನಗೆ ಫೋನು ಮಾಡುತ್ತಿದ್ದಳು. ಎರಡು ನಿಮಿಷಕ್ಕೆ ಇಳಿಸಿದ ಮೇಲೂ ಮಾಡುತ್ತಿದ್ದಳು. “ಊರ್ಲಿ ಎಂತ ಹೇಳ್ತರೆ ಅಕ್ಕಾ, ನಿಂಗೆ ಎಂತ ಕಾಣ್ತದೆ” ಎಂದು ಕೇಳುತ್ತಿದ್ದಳು. ನಿನ್ನೆ ಮಾಡಲಿಲ್ಲ. ನಾನೇ ಮಾಡಿದೆ, ಎತ್ತಿದಳು. ನಾನು ಸಹಿಯ ಕಥೆ ಹೇಳಲು ಹೊರಟೆ. “ಅಕ್ಕಾ, ನೀನು ಓದಿ ಸಹಿ ಹಾಕಿದ್ಯಾ, ಓದ್ದೇ ಹಾಕಿದ್ಯಾ, ಅಷ್ಟೇ ಹೇಳು” ಎಂದಳು. ಓದದೇ ಹಾಕಿದೆ ಎಂದೆ. ಅವಳು, ಅಕ್ಕೋರು ತನಗೆ ಹಾಗೆಂದು ಬರೆದುಕೊಟ್ಟರೆ ನಂಬುತ್ತೇನೆ ಎಂದು ಫೋನು ಇಟ್ಟಳು. ನೋಡಿ, ಇಷ್ಟೆಲ್ಲ ಆದ ಮೇಲೂ ಅವಳಿಗೆ ನನ್ನ ಮಾತಿಗಿಂತ ನಿಮ್ಮ ಅಕ್ಷರದ ಮೇಲೆ ನಂಬಿಕೆ.

ಆದ್ದರಿಂದ ನಿಮ್ಮಲ್ಲಿ ಒಂದೇ ಬೇಡಿಕೆ. ಅವಳಿಗೆ ನಿಮ್ಮ ಕೈಯಾರೆ ಪತ್ರ ಬರೆಯಿರಿ. ಠರಾವು ನಿಮ್ಮದು, ಸಹಿ ಹಾಕಿದ ನಲವತ್ತೊಂದು ಹೆಂಗಸರಲ್ಲಿ ಒಬ್ಬರೂ ಅದನ್ನು ಓದಿರಲಿಲ್ಲ ಎಂದು ಬರೆಯಿರಿ. ಕೆಲಸ ತಿರುಗಿ ಬರುತ್ತದೋ ಇಲ್ಲವೋ, ಅದು ಚಾನೆಲ್ಲಿನವರಿಗೆ ಬಿಟ್ಟದ್ದು. ನನಗೆ ನನ್ನ ತಂಗಿ ಬೇಕು. ತಾಯಿ ಇಲ್ಲದ ಮನೆಯಲ್ಲಿ ಅವಳ ಜಡೆ ಹಾಕಿದವಳು ನಾನು. ನೀವು ಕ್ಷಮೆ ಕೇಳುವುದು ಬೇಡ. ನಿಮ್ಮನ್ನು ಕ್ಷಮಿಸುವಷ್ಟು ದೊಡ್ಡ ಮನಸ್ಸು ಸದ್ಯಕ್ಕೆ ನನ್ನಲ್ಲಿಲ್ಲ.

ಕಾಲು ನೋವಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡಿ. ಸಿಟ್ಟಿನಲ್ಲೂ ಇದನ್ನು ಬರೆಯದೆ ಇರಲು ಆಗಲಿಲ್ಲ.

ನಿಮ್ಮಿಂದ ಅಕ್ಷರ ಕಲಿತ,
ಲತಾ

ತಾ.ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದ್ದೇನೆ. ಯಶೋದಾ ಆ ಪುಸ್ತಕ ತಂದ ದಿನ ನಾನು ಪೇಟೆಗೆ ಹೋಗಿರಲಿಲ್ಲ. ಅವಳು ಪುಸ್ತಕವನ್ನು ಜಗುಲಿಯ ಮೇಲಿಟ್ಟು ಅಪ್ಪನ ಹತ್ತಿರ ಮಾತಾಡುತ್ತ ಕೂತಳು. ನಾನು ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಓದಿದೆ. ಜುಲೈ ತಿಂಗಳ ಅದೇ ಸಂದರ್ಶನದಲ್ಲಿ ಮಾನಸಾ, “ಮನೆಲಿ ಓದಿದ್ದು ನಾನೊಬ್ಳೇ, ಅಕ್ಕಂಗೆ ಓದು ತಲೆಗೆ ಹತ್ಲಿಲ್ಲ” ಎಂದಿದ್ದಳು. ಅದಕ್ಕೂ ಎಲ್ಲರೂ ನಕ್ಕಿದ್ದರು. ಅಮ್ಮ ಹೋದ ವರ್ಷ, ಒಂಬತ್ತನೇ ಇಯತ್ತೆಯಲ್ಲಿ ಮೊದಲನೆಯವಳಾಗಿದ್ದ ನಾನು ಯಾಕೆ ಮೀನಿನ ಬುಟ್ಟಿ ಹೊತ್ತೆ ಎಂಬುದು ಅಪ್ಪನ ಹತ್ತಿರ ಜಗಳಕ್ಕೆ ಬಂದ ನಿಮಗೊಬ್ಬರಿಗೆ ಗೊತ್ತು. ಯಾವಾಗಲೂ ಬರೀ ಲತಾ ಎಂದು ಗೀಚುವವಳು ಆ ದಿನ ಶಾಲೆಯ ಹಾಜರಿಯಲ್ಲಿ ಇದ್ದ ಹಾಗೆ ಲತಾ ಮಾಬ್ಲೇಶ್ವರ ಹರಿಕಂತ್ರ ಎಂದು ಬಿಡಿಸಿ ಬರೆದೆ. ಮಾನಸಾಳ ಕಣ್ಣಿಗೆ ಬೀಳಲಿ ಎಂದೇ ಬರೆದೆ. ನೀವು ಅವಳಿಗೆ ಬರೆಯುವಾಗ ಓದದವರು ನಲವತ್ತು ಜನ ಎಂದು ಬರೆಯಿರಿ.